ತಟ್ಟಿದರೆ ಬಿಡಬೇಕು

ಈ ಊರಿನಲ್ಲಿ ನನ್ನನ್ನು 'ಸಾರ್' ಎನ್ನದೆ ಮಾತಾಡಿಸುವ ಧೈರ್ಯವಿರುವವರು ಮೂರೇ ಜನ. ಮೊದಲನೆಯವರು ನನ್ನ ತಾಯಿ. ಎರಡನೆಯವಳು ನನ್ನ ಹೆಂಡತಿ. ಇವರಿಬ್ಬರ ವಿಷಯದಲ್ಲಿ ನಾನು ಆಸೆ ಬಿಟ್ಟು ಬಹಳ ಕಾಲವಾಯಿತು. ಮೂರನೆಯವನು ಒಬ್ಬ ಹಲ್ಲಿನ ಡಾಕ್ಟರು. ಅವನು ನನ್ನನ್ನು 'ಅಂಕಲ್' ಎನ್ನುತ್ತಾನೆ. ನಮ್ಮಿಬ್ಬರಿಗೂ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನಿಲ್ಲ. (ಕೂದಲಿನಲ್ಲಿ ಇದೆ. ಆ ಮಾತು ಇಲ್ಲಿ ಬೇಡ.) ನನ್ನ ಮಾನ ಮೂರಾಬಟ್ಟೆಯಾದ ಈ ಕಥೆಗೆ ಆ ಒಂದು 'ಅಂಕಲ್' ಕಾರಣ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಉಳಿದವರು ಸಾರ್ ಎನ್ನುವುದಕ್ಕೆ ಕಾರಣವಿದೆ. ನಾನು ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಮಾಡುವ ಅಧಿಕಾರಿ. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿರುತ್ತೇನೆ. ಗಾಡಿ ಸರಾಗವಾಗಿ ಓಡುತ್ತಿದ್ದಾಗ, ಓಡಿಸುವವನ ಮುಖದಲ್ಲಿ ಇನ್ನೇನು ಗೆದ್ದೆ ಎಂಬ ನಗು ಮೂಡುತ್ತಿದ್ದಾಗ, ಅಂಗೈಯಿಂದ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟುತ್ತೇನೆ. ಎದುರಿಗೆ ಒಂದು ಮಗು ಓಡಿ ಬಂತು ಎಂದು ಅದರ ಅರ್ಥ. ತಟ್ಟಿದ ಮರುಕ್ಷಣ ಗಾಡಿ ನಿಲ್ಲಬೇಕು. ನಿಲ್ಲಲಿಲ್ಲವೋ, ಫೇಲು. ವಕೀಲರು, ಪ್ರೊಫೆಸರರು, ಕೊನೆಗೆ ನಮ್ಮ ಮೇಲಧಿಕಾರಿಯ ಭಾವಮೈದುನ ಕೂಡ ನನ್ನ ಎರಡು ತಟ್ಟಿಗೆ ಸೋತು ಮನೆಗೆ ಹೋಗಿದ್ದಾರೆ. "ತಟ್ಟಿದ್ದು ಗೊತ್ತಾಗಲಿಲ್ಲ ಸಾರ್" ಎಂದು ಅವರು ಕೈ ಹಿಸುಕಿಕೊಂಡಾಗ ನಾನು ಕೊಡುವ ಉಪನ್ಯಾಸ ಆಫೀಸಿನಲ್ಲಿ ಪ್ರಸಿದ್ಧವಾಗಿದೆ.

ಇನ್ನು ಮನೆಯ ಸಮಾಚಾರ. ನನ್ನ ಹೆಂಡತಿ ನಾಲ್ಕು ವರ್ಷದಿಂದ ಜೂಡೋ ಕಲಿಯುತ್ತಿದ್ದಾಳೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಹಾಲು, ನೆಲಕ್ಕೆಲ್ಲ ದಪ್ಪ ಮ್ಯಾಟು, ಒಳಗೆ ಹೋದರೆ ರಬ್ಬರು ಮತ್ತು ಬೆವರಿನ ವಾಸನೆ. ವಾರಕ್ಕೆ ಮೂರು ಸಂಜೆ ಅವಳು ಅಲ್ಲಿಗೆ ಹೋಗಿ ಯಾರ್ಯಾರನ್ನೋ ಎತ್ತಿ ಒಗೆದು ಬರುತ್ತಿದ್ದಳು. ನಾನು ಅದಕ್ಕೆ 'ಹೊರಳಾಟದ ಕ್ಲಾಸು' ಎಂದು ಹೆಸರಿಟ್ಟಿದ್ದೆ. ಮನೆಗೆ ಯಾರಾದರೂ ಬಂದರೆ, "ಇವಳು ಹೊರಳೋಕೆ ಹೋಗಿದಾಳೆ, ಈಗ ಬರ್ತಾಳೆ" ಎನ್ನುತ್ತಿದ್ದೆ. ಬಂದವರು ನಗುತ್ತಿದ್ದರು. ಅವಳು ಒಂದೊಂದೇ ಬಣ್ಣದ ಬೆಲ್ಟು ಗಳಿಸಿ ನೀಲಿಯವರೆಗೆ ಬಂದದ್ದು ನನಗೆ ತಿಳಿದಿದ್ದು ಒಣಹಾಕಿದ ಬಟ್ಟೆ ನೋಡಿ.

ಅವಳ ಜೊತೆಗೆ ನನ್ನ ತಾಯಿಯೂ ಹೋಗುತ್ತಿದ್ದರು. ಕಲಿಯುವುದಕ್ಕಲ್ಲ. ಅಲ್ಲಿ ಕಿಟಕಿಯ ಪಕ್ಕ ಒಂದು ಬೆಂಚಿದೆ, ಮೇಲೆ ದೊಡ್ಡ ಫ್ಯಾನಿದೆ. ಅಮ್ಮ ಅಲ್ಲಿ ಕೂತು ಸ್ವೆಟರ್ ಹೆಣೆಯುತ್ತ ನಾಲ್ಕು ವರ್ಷ ನೋಡಿ ನೋಡಿ, ಮ್ಯಾಟಿನ ಮೇಲೆ ಒಮ್ಮೆಯೂ ಕಾಲಿಡದೆ, ಜೂಡೋದ ಸಮಸ್ತ ಶಾಸ್ತ್ರವನ್ನೂ ಅರೆದು ಕುಡಿದುಬಿಟ್ಟಿದ್ದಾರೆ.

ಈಚೆಗೆ ಆಫೀಸಿನ ವೈದ್ಯಕೀಯ ತಪಾಸಣೆಯಲ್ಲಿ ನನ್ನ ಹೊಟ್ಟೆಯ ಸುತ್ತಳತೆ ನೋಡಿ ಡಾಕ್ಟರು ಟೇಪನ್ನು ಎರಡು ಸಲ ಪರೀಕ್ಷಿಸಿದರು. ಆ ಸಂಜೆ ಹೆಂಡತಿ, "ನೀವೂ ಬನ್ನಿ" ಎಂದಳು. ಹೋದೆ. ನನ್ನಂಥ ಗಣ್ಯರು ಬಂದರೆ ಶಾಲೆಗೂ ಒಂದು ಶೋಭೆ ಎಂದುಕೊಂಡೇ ಹೋದೆ.

ಅಲ್ಲಿನ ಗುರುಗಳು ಸಣಕಲು ಮನುಷ್ಯ. ಮೊದಲು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದರಂತೆ. ಈಗಲೂ ಎಲ್ಲರನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಕ್ಲಾಸು ಶುರುವಾಗುವ ಮೊದಲು ಎಲ್ಲರೂ ಬೆಲ್ಟಿನ ಪ್ರಕಾರ ಸಾಲಾಗಿ ನಿಂತು ತಲೆಬಾಗಬೇಕು. ಎಲ್ಲರಿಗಿಂತ ಮುಂದೆ ಕಂದು ಬೆಲ್ಟಿನ ಹಲ್ಲಿನ ಡಾಕ್ಟರು. ಅವನಾದ ಮೇಲೆ ನನ್ನ ಹೆಂಡತಿ. ಹಾಗೇ ಇಳಿಯುತ್ತ ಇಳಿಯುತ್ತ ಕೊನೆಗೆ ಮುಂದಿನ ಎರಡು ಹಲ್ಲು ಬಿದ್ದಿರುವ ಒಂದು ಪುಟ್ಟ ಹುಡುಗಿ. ಆ ಹುಡುಗಿಯ ಆಚೆ, ಗೋಡೆಗೆ ಒತ್ತಿಕೊಂಡು, ನಾನು.

"ಗುರುಗಳೇ, ವಯಸ್ಸಿಗೆ, ಹುದ್ದೆಗೆ ಅಂತ ಒಂದು ಕ್ರಮ ಇರ್ಬೇಕಲ್ವಾ?" ಎಂದೆ.

"ಇದೆಯಲ್ಲ. ಆಫೀಸಲ್ಲಿದೆ" ಎಂದರು ಗುರುಗಳು. "ಇಲ್ಲಿ ಬೆಲ್ಟ್ ನೋಡಿ ಸೀಟು."

ಮೊದಲ ಪಾಠ ಬೀಳುವುದು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಕೈಯಿಂದ ಮ್ಯಾಟಿಗೆ ಹೊಡೆದು ಬೀಳಬೇಕು. ಮಕ್ಕಳೆಲ್ಲ ಪಟಪಟನೆ ಬಿದ್ದರು. ನಾನು ಕೈ ಕಟ್ಟಿಕೊಂಡು ನಿಂತೆ. "ಬೀಳೋಕೆ ಫೀಸ್ ಕೊಟ್ಟು ಕಲೀಬೇಕಾ? ಬಚ್ಚಲುಮನೇಲಿ ಬಿಟ್ಟಿ ಬೀಳಬಹುದು. ನಂಗೆ ಎಸೆಯೋದು ಹೇಳಿಕೊಡಿ" ಎಂದೆ.

ಆಗ ಆ ಡಾಕ್ಟರು, "ಅಂಕಲ್, ಬೀಳೋದು ಕಲ್ತುಕೊಳ್ಳಿ. ಇಲ್ಲಾಂದ್ರೆ ನಮ್ಮ ಕ್ಲಿನಿಕ್ಕಿಗೇ ಬರ್ತೀರ" ಎಂದ. ಹಾಲಿಗೆ ಹಾಲೇ ನಕ್ಕಿತು. ಬೆಂಚಿನ ಕಡೆಯಿಂದ ಎಲ್ಲಕ್ಕಿಂತ ಜೋರಾಗಿ ಬಂದ ನಗು ನನ್ನನ್ನು ಹೆತ್ತವರದು. ಆವತ್ತಿನಿಂದ ನನ್ನ ಜೀವನಕ್ಕೆ ಒಂದೇ ಗುರಿ. ಆ ಡಾಕ್ಟರು ಕಣ್ಣಾರೆ ನೋಡುವಂತೆ ಯಾರನ್ನಾದರೂ ಕೆಡವಬೇಕು.

ಎರಡನೆಯ ಪಾಠ ಎಲ್ಲಕ್ಕಿಂತ ದೊಡ್ಡದು ಎಂದು ಗುರುಗಳು ಹೇಳಿದರು. ಒಬ್ಬರು ಇನ್ನೊಬ್ಬರನ್ನು ಅದುಮಿ ಹಿಡಿದಾಗ, ಕೆಳಗಿದ್ದವರಿಗೆ ಸಾಕೆನಿಸಿದರೆ ಕೈಯಿಂದ ಎರಡು ಸಲ ತಟ್ಟಬೇಕು. ಮ್ಯಾಟಿನ ಮೇಲಾದರೂ ಸರಿ, ಹಿಡಿದವರ ಮೈಮೇಲಾದರೂ ಸರಿ. "ತಟ್ಟಿದ್ರೆ ಬಿಡಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಇದೊಂದು ಗೊತ್ತಿದ್ರೆ ಅವ್ರಿಗೆ ಜೂಡೋ ಅರ್ಧ ಬಂದಂಗೆ."

"ಅಯ್ಯೋ, ಇದು ನಂದೇ ರೂಲು!" ಎಂದು ನಾನು ಸಂಭ್ರಮದಿಂದ ಡ್ಯಾಶ್‌ಬೋರ್ಡಿನ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಕೇಳುತ್ತಿದ್ದ ನನ್ನ ಹೆಂಡತಿ ಒಂದು ಥರಾ ನಕ್ಕಳು. ಆ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ. ಆದರೆ ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೂ ಅವಳು ಈ ಪದ್ಧತಿ ತರಲು ನೋಡಿದ್ದಳು. ಊಟಕ್ಕೆ ಕೂತಾಗ ನನ್ನ ಮಾತು ಉದ್ದವಾದರೆ ಮೇಜನ್ನು ಮೆಲ್ಲಗೆ ಎರಡು ಸಲ ತಟ್ಟುವಳು. ನಾನು, "ಒಂದೇ ಒಂದು ಮಾತು ಹೇಳಿ ಮುಗಿಸ್ತೀನಿ" ಎನ್ನುವೆ. ಆ ಒಂದು ಮಾತು ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿನ ಕೈ ಒಣಗಿರುತ್ತಿತ್ತು.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಬರಲೇಬೇಕಲ್ಲ.

ಮುಂದಿನ ಭಾನುವಾರ ನನ್ನ ಹೆಂಡತಿಗೆ ಕಂದು ಬೆಲ್ಟಿನ ಪರೀಕ್ಷೆಯಿತ್ತು. ಎಸೆಯುವ ಭಾಗವನ್ನು ಅವಳು ಹಿಂದಿನ ತಿಂಗಳೇ ಮುಗಿಸಿದ್ದಳು. ನೆಲದ ಮೇಲೆ ಹಿಡಿಯುವ ಭಾಗ ಬಾಕಿ. ನಾಲ್ಕು ವರ್ಷದ ತಪಸ್ಸು ಎನ್ನಿ. ಸೋಮವಾರ ಸಂಜೆ ಆ ಡಾಕ್ಟರು ನನ್ನನ್ನು ಮೂಟೆಯಂತೆ ಎತ್ತಿ ಎತ್ತಿ ಹಾಕಿದ. ಪ್ರತಿ ಸಲವೂ ಕೈ ಕೊಟ್ಟು, "ಬನ್ನಿ ಅಂಕಲ್, ಬನ್ನಿ" ಎಂದು ಎಬ್ಬಿಸಿದ. ಎಸೆದದ್ದನ್ನಾದರೂ ಸಹಿಸಬಹುದು, ಎಬ್ಬಿಸಿದ್ದನ್ನು ಸಹಿಸಲಾಗಲಿಲ್ಲ. ಆಮೇಲೆ ಜೋಡಿ ಬದಲಾಯಿತು. ನನ್ನ ಜೊತೆ ಬರಲು ಯಾರೂ ಮುಂದಾಗದ್ದನ್ನು ನೋಡಿ ಹೆಂಡತಿಯೇ ಬಂದಳು. "ನಿಧಾನ ರೀ. ಭಾನುವಾರ ಪರೀಕ್ಷೆ ಇದೆ" ಎಂದಳು.

ಹೇಗಾಯಿತೋ ತಿಳಿಯದು. ಅವಳು ಮೆತ್ತಗೆ ಅಭ್ಯಾಸ ಮಾಡಿಸುತ್ತಿದ್ದಳು, ನನ್ನ ಕಾಲು ಜಾರಿತು, ಇಬ್ಬರೂ ಬಿದ್ದೆವು. ಅವಳು ಕೆಳಗೆ, ನಾನು ಮೇಲೆ. ಅವಳ ಒಂದು ತೋಳು ನನ್ನ ಹೊಟ್ಟೆಯ ಅಡಿ. ಆಹಾ! ಆ ಶಾಲೆಯಲ್ಲಿ ನಾನು ಯಾರ ಮೇಲಾದರೂ ಇದ್ದದ್ದು ಅದೇ ಮೊದಲು. ನನ್ನ ದಿಗ್ವಿಜಯವನ್ನು ನೋಡಬೇಕಾದವನು ಎಲ್ಲಿ ಎಂದು ತಲೆಯೆತ್ತಿದೆ. ಅವನು ಮೂಲೆಯಲ್ಲಿ ನಿಂತು ನೀರು ಕುಡಿಯುತ್ತಿದ್ದ. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಟಲಿಯನ್ನು ಎತ್ತಿ ಹಿಡಿದು, ಗಟಗಟ.

"ಡಾಕ್ಟ್ರೇ! ಇಲ್ಲಿ ನೋಡಿ ಡಾಕ್ಟ್ರೇ!" ಎಂದು ಕೂಗಿದೆ.

ನನ್ನ ಬೆನ್ನ ಮೇಲೆ ಒಂದು ಕೈ ಎರಡು ಸಲ ತಟ್ಟಿತು.

ಅವನು ಕುಡಿಯುತ್ತಲೇ ಇದ್ದ. ಇನ್ನೇನು ಮುಗಿಯುತ್ತದೆ, ಇನ್ನೊಂದು ಗುಟುಕು, ಆಮೇಲೆ ಕಣ್ಣು ಬಿಡುತ್ತಾನೆ, ನೋಡುತ್ತಾನೆ. ಮತ್ತೆ ತಟ್ಟಿತು. ಈ ಸಲ ಜೋರಾಗಿ. ಎಂಥಾ ಬಾಯಾರಿಕೆಯೋ ಆ ಮನುಷ್ಯನಿಗೆ, ಬಾಟಲಿಯಲ್ಲಿ ಕೆರೆಯನ್ನೇ ತುಂಬಿಕೊಂಡು ಬಂದಿದ್ದನೋ ಏನೋ. ಮೂರನೆಯ ಸಲ ತಟ್ಟಿದ್ದು ಬೆನ್ನ ಮೇಲಲ್ಲ, ತಲೆಯ ಮೇಲೆ. ಉಣ್ಣೆಯ ಉಂಡೆ, ಹೆಣಿಗೆಯ ಕಡ್ಡಿ, ಅರ್ಧ ಸ್ವೆಟರು ಎಲ್ಲ ತುಂಬಿದ ಚೀಲವೊಂದು ನನ್ನ ಬೋಳು ನೆತ್ತಿಗೆ ಅಪ್ಪಳಿಸಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅಮ್ಮ ಮ್ಯಾಟಿನ ಮೇಲೆ ಬಂದಿದ್ದರು. ಅದೂ ಚಪ್ಪಲಿ ಹಾಕಿಕೊಂಡು.

"ಬಿಡೋ! ತಟ್ಟಿದ್ಲು, ಬಿಡೋ!"

ಬಿಟ್ಟೆ. ಅದೇ ಹೊತ್ತಿಗೆ ಡಾಕ್ಟರು ಬಾಟಲಿ ಕೆಳಗಿಳಿಸಿ, ಬಾಯಿ ಒರೆಸಿಕೊಂಡು, "ಏನಂಕಲ್, ಕರೆದ್ರಾ?" ಎಂದ.

ಹೆಂಡತಿ ಎದ್ದು ಕೂತಳು. ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ಬಿಳುಪಾಗಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಗುರುಗಳು ಬಂದು ಭುಜ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ತಟ್ಟಿದ್ದು ಗೊತ್ತಾಗ್ಲಿಲ್ವಾ?"

"ಇಲ್ಲ... ಗೊತ್ತಾಗ್ಲಿಲ್ಲ ಸಾರ್" ಎಂದೆ. ಕೈ ಹಿಸುಕಿಕೊಳ್ಳುತ್ತಿದ್ದೆ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಟಿಕೆಟ್ ಈಗ ತಾನೇ ಕಿಟಕಿಯಿಂದ ಹಾರಿಹೋಯಿತು ಎನ್ನುವವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಆಮೇಲೆ, ಎಲ್ಲರ ಎದುರಿಗೆ, ನನಗೆ ಪದ್ಧತಿಯಂತೆ ತಲೆಬಾಗಿ ನಮಸ್ಕರಿಸಿ ಕ್ಲಾಸು ಮುಗಿಸಿದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನಮಸ್ಕಾರಕ್ಕೆ ಏನು ಉತ್ತರ ಕೊಡಲಿ?

ಕೆಳಗಿನ ಅಂಗಡಿಗೆ ಓಡಿಹೋಗಿ ಐಸ್ ತಂದವರು ಹಲ್ಲಿನ ಡಾಕ್ಟರು. ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. (ಇನ್ನು ಮೇಲೆ ಅವರನ್ನು 'ಅವರು' ಎಂದೇ ಬರೆಯುತ್ತೇನೆ. ಅಷ್ಟೂ ಮಾಡದಿದ್ದರೆ ನಾನು ಮನುಷ್ಯನಲ್ಲ.) ಮೂಳೆ ಡಾಕ್ಟರು ನೋಡಿ, ಮೂಳೆ ಮುರಿದಿಲ್ಲ, ಉಳುಕಿದೆ, ಮೂರು ವಾರ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿರಲಿ ಎಂದರು. ಭಾನುವಾರದ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಪರೀಕ್ಷೆಗೆ ಆರು ತಿಂಗಳು ಕಾಯಬೇಕು ಎಂಬುದು ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ಜಗಳವಾಗುತ್ತದೆ ಎಂದು ನಾನು ಸಿದ್ಧನಾಗಿದ್ದೆ. ಆಗಲಿಲ್ಲ. ಅವಳು ಎಡಗೈಯಲ್ಲಿ ಚಮಚ ಹಿಡಿದು ಊಟಕ್ಕೆ ಕೂತಳು. ಅಡುಗೆ ನನ್ನದು, ಅನ್ನ ತಳ ಹಿಡಿದಿತ್ತು. ಅದಕ್ಕೂ ಮಾತಿಲ್ಲ. ಮೌನ ತಡೆಯಲಾರದೆ ನಾನೇ ಶುರುಮಾಡಿದೆ.

"ನೋಡು, ನಿಜವಾಗಿ ಹೇಳ್ಬೇಕಂದ್ರೆ ನನ್ನ ಹಿಡಿತ ಸಡಿಲವಾಗೇ ಇತ್ತು. ನೀನು ಆ ಕಡೆ ಹೊರಳಿದ್ರೆ..."

ಅವಳು ಎಡಗೈಯಿಂದ ಮೇಜನ್ನು ಎರಡು ಸಲ ತಟ್ಟಿದಳು.

"ಅಲ್ಲ, ಒಂದೇ ಒಂದು ಮಾತು. ಆ ಮ್ಯಾಟು ಜಾರುತ್ತೆ ಅಂತ ನಾನು ಮೊದಲೇ..."

"ನೋಡು" ಎಂದರು ಅಮ್ಮ. "ಈಗ್ಲೂ ಬಿಡ್ಲಿಲ್ಲ."

ಹೆಂಡತಿ ತಟ್ಟೆ ನೋಡುತ್ತಲೇ, "ಅವ್ರಿಗೆ ಗೊತ್ತಾಗಲ್ಲ ಅಂತ ಅಲ್ಲ ಅತ್ತೆ" ಎಂದಳು. "ಗೊತ್ತಾಗತ್ತೆ. ಒಂದೇ ಒಂದು ಮಾತು ಬಾಕಿ ಇರತ್ತೆ, ಅಷ್ಟೇ."

ತಳ ಹಿಡಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮರುದಿನ ಬೆಳಿಗ್ಗೆ ಅಮ್ಮ ಅವಳ ತಲೆ ಬಾಚುವುದನ್ನು ಬಾಗಿಲ ಮರೆಯಿಂದ ನೋಡಿ, ಮಾತಾಡದೆ ಆಫೀಸಿಗೆ ಹೋದೆ.

ಅಲ್ಲಾದರೂ ನೆಮ್ಮದಿಯಿತ್ತೇ? ಮೊದಲನೆಯ ಅಭ್ಯರ್ಥಿ ಒಬ್ಬ ದಪ್ಪನೆಯ ಬಟ್ಟೆ ವ್ಯಾಪಾರಿ. ಬೀದಿಯ ಕೊನೆಯಲ್ಲಿ ನಾನು ತಟ್ಟಿದೆ. ಗಾಡಿ ತನ್ನಷ್ಟಕ್ಕೆ ತಾನು ಹೋಗಿ, ಒಂದು ಅಂಗಡಿ ದಾಟಿ, ಎರಡು ಅಂಗಡಿ ದಾಟಿ, ಆಮೇಲೆ ನಿಂತಿತು.

"ಯಾಕ್ರೀ ನಿಲ್ಲಿಸ್ಲಿಲ್ಲ?"

"ತಟ್ಟಿದ್ದು ಗೊತ್ತಾಗ್ಲಿಲ್ಲ ಸಾರ್" ಎಂದು ಅವನು ಕೈ ಹಿಸುಕಿಕೊಂಡ.

ಆ ಮುಖವನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲೋ ಏನು, ಆವತ್ತೇ ಬೆಳಿಗ್ಗೆ ಕನ್ನಡಿಯಲ್ಲಿ. ಅಭ್ಯಾಸಬಲದಿಂದ ಉಪನ್ಯಾಸ ಶುರುಮಾಡಿದೆ. "ತಟ್ಟಿದ್ರೆ ನಿಲ್ಲಿಸ್ಬೇಕು ಕಣ್ರೀ. ಯಾಕೆ, ಏನು ಅಂತ ನೋಡೋ ಹಾಗಿಲ್ಲ. ಎದುರಿಗಿದ್ದೋರಿಗೆ ಪೆಟ್ಟಾಗತ್ತೆ..." ಅಷ್ಟಕ್ಕೆ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ವ್ಯಾಪಾರಿ ಗಾಬರಿಯಾಗಿ, "ಸಾರ್, ಫೇಲ್ ಮಾಡಿ, ಪರವಾಗಿಲ್ಲ, ಅಳಬೇಡಿ" ಎಂದ. ನನ್ನ ಲೆಕ್ಕದಲ್ಲಿ ಆವತ್ತು ಆ ಕಾರಿನಲ್ಲಿದ್ದ ಇಬ್ಬರೂ ಫೇಲು. ಕಾಗದದ ಮೇಲೆ ಅವನೊಬ್ಬನೇ.

ಬುಧವಾರ ಕ್ಲಾಸಿಗೆ ಹೋಗುವುದಿಲ್ಲ ಎಂದುಕೊಂಡಿದ್ದೆ. "ಗುರುಗಳು ಬರೋಕೆ ಹೇಳಿದಾರೆ" ಎಂದಳು ಹೆಂಡತಿ, ಅಷ್ಟೇ. ಅವಳು ಜೋಳಿಗೆ ಕಟ್ಟಿಕೊಂಡು ಅಮ್ಮನ ಪಕ್ಕ ಬೆಂಚಿನಲ್ಲಿ ಕೂತಳು. "ಜೋಡಿ ಮಾಡ್ಕೊಳ್ಳಿ" ಎಂದರು ಗುರುಗಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಒಬ್ಬೊಬ್ಬರು ಸಿಕ್ಕರು. ಜೋಡಿಯಿಲ್ಲದೆ ಉಳಿದಿದ್ದ ಹಲ್ಲಿಲ್ಲದ ಹುಡುಗಿಯ ಕಡೆ ನಾನು ನೋಡಿದೆ. ಅವಳು ಮೂಲೆಗೆ ಓಡಿಹೋಗಿ, ಹತ್ತಿ ತುಂಬಿದ ಅಭ್ಯಾಸದ ಗೊಂಬೆಯನ್ನು ತಬ್ಬಿಕೊಂಡಳು. ಗೊಂಬೆಯೂ ನನ್ನ ಕಡೆ ಬೆನ್ನು ಮಾಡಿತ್ತು.

ಆಗ ಹಲ್ಲಿನ ಡಾಕ್ಟರು ತಮ್ಮ ಜೋಡಿಯನ್ನು ಬಿಟ್ಟು ಬಂದರು. "ಬನ್ನಿ ಅಂಕಲ್."

ಸರಿ, ಇವತ್ತು ನನಗೆ ತಕ್ಕ ಶಾಸ್ತಿ ಎಂದುಕೊಂಡೆ. ಒಂದು ರೀತಿಯಲ್ಲಿ ಹಾಯೆನಿಸಿತು. ಅವರು ನನ್ನನ್ನು ಕೆಡವಿ ಮೇಲೆ ಬಿದ್ದು ಹಿಡಿದರು. ಉಸಿರು ಕಟ್ಟಿತು. ತಟ್ಟಿದೆ. ತಟ್ಟಿದ ಕೈ ಮ್ಯಾಟಿನಿಂದ ಏಳುವ ಮೊದಲೇ ಅವರು ಬಿಟ್ಟಿದ್ದರು. ಮತ್ತೆ ಹಿಡಿದರು, ಮತ್ತೆ ತಟ್ಟಿದೆ, ಮತ್ತೆ ಬಿಟ್ಟರು. ಒಂದೇ ಒಂದು ಸಲ ಬಿಡದೆ ಇದ್ದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಸಿಟ್ಟು ಮಾಡಿಕೊಳ್ಳಲು ಏನಾದರೂ ಸಿಗುತ್ತಿತ್ತು. ಆ ಪುಣ್ಯಾತ್ಮ ಅದನ್ನೂ ಕೊಡಲಿಲ್ಲ.

ಕ್ಲಾಸು ಮುಗಿದ ಮೇಲೆ ಗುರುಗಳು ನನ್ನನ್ನು ಕರೆದರು. "ಪೆಟ್ಟಾಗಿರೋರಿಗೆ ನೆಲದ ಪರೀಕ್ಷೆ ಬದಲು ಇನ್ನೊಂದಿದೆ. ಒಬ್ಬ ಹೊಸಬರಿಗೆ ಬೀಳೋದು ಕಲಿಸಿ, ಪರೀಕ್ಷಕರ ಮುಂದೆ ಬೀಳಿಸಿ ತೋರಿಸ್ಬೇಕು. ಅವ್ರು ಚೆನ್ನಾಗಿ ಬಿದ್ರೆ ಕಲಿಸಿದೋರು ಪಾಸು. ನಿಮ್ಮ ಮನೆಯವ್ರು ಭಾನುವಾರ ಅದನ್ನ ಮಾಡ್ತಾರೆ. ಆ ಹೊಸಬರು ನೀವು."

ನನ್ನ ಎದೆ ತುಂಬಿ ಬಂತು. ಗುರುಗಳು ಎಂಥ ಜ್ಞಾನಿ! ತಪ್ಪು ಮಾಡಿದವನ ಕೈಯಲ್ಲೇ ಪ್ರಾಯಶ್ಚಿತ್ತ! ಅವಳ ಕಂದು ಬೆಲ್ಟು ಈಗ ನನ್ನ ಬೆನ್ನಿನ ಮೇಲೆ ನಿಂತಿತ್ತು. ನನ್ನ ಸಮಸ್ತ ಪ್ರತಿಷ್ಠೆಯನ್ನೂ ಅವಳಿಗಾಗಿ ಮ್ಯಾಟಿಗೆ ಅರ್ಪಿಸುವ ತ್ಯಾಗಮೂರ್ತಿಯಾಗಿ ನಾನು ಮನೆಗೆ ಬಂದೆ.

ತ್ಯಾಗವೇನೋ ಸುಲಭ, ಬೀಳುವುದು ಕಷ್ಟ. ಹಾಲಿನಲ್ಲಿ ಹಾಸಿಗೆಗಳನ್ನು ಹಾಸಿದೆವು. ಅವಳು ಕುರ್ಚಿಯಲ್ಲಿ ಕೂತು ಕುರ್ಚಿಯ ಕೈಯನ್ನು ತಟ್ಟುವಳು, ನಾನು ಬೀಳಬೇಕು. ತಟ್ಟಿದಾಗಲೆಲ್ಲ ನನ್ನ ಮೈ ಕೊರಡಿನಂತೆ ಸೆಟೆದುಕೊಳ್ಳುತ್ತಿತ್ತು. ಒಮ್ಮೆ ಮೊಣಕೈ ಊರಿದೆ, ಒಮ್ಮೆ ಅಮ್ಮನ ಸ್ಟೂಲು ಹಿಡಿದುಕೊಂಡೆ, ಒಮ್ಮೆ ಬೀಳುತ್ತ ಬೀಳುತ್ತ ಟೀವಿಯ ವೈರು ಕಿತ್ತೆ.

"ಬೀಳೋಕೆ ಮುಂಚೆ ಯಾರಾದ್ರೂ ನೋಡ್ತಿದಾರಾ ಅಂತ ಸುತ್ತ ನೋಡ್ತಾನೆ ಕಣೇ" ಎಂದರು ಅಮ್ಮ, ಹೆಣಿಗೆ ಬಿಡದೆ. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ಇವನು ಮೀಸೆ ನೋಡ್ಕೊಳ್ಳೋಕೆ ಹೋಗಿ ತಲೆ ಒಡಿಸ್ಕೊತಾನೆ."

ಕೆಳಗಿನ ಮನೆಯಾಕೆ ಮೇಲೆ ಬಂದು, "ಏನದು ಸದ್ದು?" ಎಂದು ಕೇಳಿದರು.

"ಏನಿಲ್ಲ, ನಮ್ಮ ಹುಡುಗ ಬೀಳೋದು ಕಲೀತಿದಾನೆ" ಎಂದರು ಅಮ್ಮ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ಬಾಗಿಲೆಳೆದುಕೊಂಡು ಹೋದರು.

ಶುಕ್ರವಾರ ಅಮ್ಮ ಮಲಗಲು ಎದ್ದುಹೋದ ಮೇಲೆ ಹೆಂಡತಿ ಹೇಳಿದಳು. "ರೀ, ನೀವು ಬೀಳೋದನ್ನ ತಡೀತಿದೀರಿ. ತಡೀಬೇಡಿ. ಬಿದ್ದಾಯ್ತು ಅಂತ ಮೊದಲೇ ಒಪ್ಕೊಂಡ್ಬಿಡಿ. ಆಮೇಲೆ ನೋವಾಗಲ್ಲ."

ತಟ್ಟಿದಳು. ಒಪ್ಪಿಕೊಂಡೆ. ಬಿದ್ದೆ. ಬೆನ್ನು ಉರುಳಿತು, ಕೈ ತನ್ನಷ್ಟಕ್ಕೆ ತಾನೇ ಹಾಸಿಗೆಗೆ ಹೊಡೆಯಿತು, ಎಲ್ಲೂ ನೋವಾಗಲಿಲ್ಲ. ಮಲಗಿದ್ದಲ್ಲಿಂದ ಮೇಲೆ ನೋಡಿದರೆ ಫ್ಯಾನು, ಅದರ ಪಕ್ಕದಲ್ಲಿ ಅವಳ ಮುಖ, ಮುಖದ ಕೆಳಗೆ ಬಿಳಿಯ ಜೋಳಿಗೆ. ನಾಲ್ಕು ದಿನದಿಂದ ನಾನು ತಿದ್ದಿ ತೀಡಿ ಇಟ್ಟುಕೊಂಡಿದ್ದ ಕ್ಷಮಾಪಣೆಯ ಭಾಷಣವೆಲ್ಲ ಎಲ್ಲಿ ಹೋಯಿತೋ.

"ಗೊತ್ತಾಗಿತ್ತು ಕಣೇ" ಎಂದೆ.

"ಏನು?"

"ನೀನು ತಟ್ಟಿದ್ದು. ಮೊದಲನೇ ಸಲಾನೇ."

ಅವಳು ಜೋಳಿಗೆಯನ್ನು ಸರಿಪಡಿಸಿಕೊಂಡಳು. "ನಂಗೂ ಗೊತ್ತಿತ್ತು" ಎಂದಳು. ಆಮೇಲೆ, "ಏಳಿ, ಇನ್ನೊಂದು ಸಲ ಬೀಳಿ."

ಭಾನುವಾರ ಹಾಲು ತುಂಬಿತ್ತು. ಬೇರೆ ಕಡೆಯಿಂದ ಬಂದ ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು. ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲಿ ಕೂತಿದ್ದವನನ್ನು ನೋಡಿ ನಾನು ಹಲ್ಲಿನ ಡಾಕ್ಟರ ಹಿಂದೆ ಸರಿದೆ. ನಾನು ಫೇಲು ಮಾಡಿದ ಬಟ್ಟೆ ವ್ಯಾಪಾರಿ! ಹಲ್ಲಿಲ್ಲದ ಹುಡುಗಿಯ ತಂದೆಯಂತೆ. ಅವನೂ ನನ್ನನ್ನು ಗುರುತಿಸಿದ. ಸಂತೋಷದಿಂದ ಮುಂದಕ್ಕೆ ಬಾಗಿ ಕೂತ.

ಹೆಂಡತಿ ಮ್ಯಾಟಿನ ನಡುವೆ ನಿಂತು, ಒಂದು ಕೈ ಜೋಳಿಗೆಯಲ್ಲಿಟ್ಟುಕೊಂಡೇ, ಗದ್ದ ಎಲ್ಲಿರಬೇಕು, ಬೆನ್ನು ಹೇಗಿರಬೇಕು ಎಂದು ಸ್ಪಷ್ಟವಾಗಿ ವಿವರಿಸಿದಳು. ಮಂಡಿಯೂರಿ ಎಡಗೈಯಿಂದ ಮ್ಯಾಟನ್ನು ಎರಡು ಸಲ ತಟ್ಟಿದಳು. ಬಿದ್ದೆ. ಮತ್ತೆ ತಟ್ಟಿದಳು. ಹಿಂದಕ್ಕೆ ಬಿದ್ದೆ, ಪಕ್ಕಕ್ಕೆ ಬಿದ್ದೆ, ಉರುಳಿ ಎದ್ದು ಮತ್ತೆ ಬಿದ್ದೆ. ಅರೆಬರೆಯಾಗಿ ಒಂದು ಸಲವೂ ಬೀಳಲಿಲ್ಲ. ನನ್ನ ಭೂಪತನದ ಸದ್ದಿಗೆ ಕೆಳಗಿನ ಟೈರ್ ಅಂಗಡಿಯವರು ಹೊರಗೆ ಬಂದು ನೋಡಿದರಂತೆ.

"ನೋಡಿ, ನೋಡಿ" ಎಂದು ಬಟ್ಟೆ ವ್ಯಾಪಾರಿ ಅಮ್ಮನಿಗೆ ಹೇಳುವುದು ಹಾಲಿಗೆಲ್ಲ ಕೇಳಿಸಿತು. "ತಟ್ಟಿದ ತಕ್ಷಣ! ಅದಕ್ಕೇ ಅಮ್ಮಾ ಅವ್ರು ನನ್ನ ಫೇಲ್ ಮಾಡಿದ್ದು. ಎಷ್ಟು ಶಿಸ್ತು ನೋಡಿ!"

ಅಮ್ಮನ ಕಡ್ಡಿಯ ಸದ್ದು ಒಂದು ಗಳಿಗೆ ನಿಂತಿತು. ಆ ಹೊಗಳಿಕೆ ಕೇಳಿ ನನಗೆ ಮ್ಯಾಟಿನಿಂದ ಏಳುವುದೇ ಬೇಡವೆನಿಸಿತು.

ಅವಳು ಪಾಸಾದಳು. ಕಲಿಸುವ ಪರೀಕ್ಷೆಯಲ್ಲಿ ಈ ಶಾಲೆಯಲ್ಲಿ ಹಿಂದೆಂದೂ ಯಾರಿಗೂ ಬರದಷ್ಟು ಅಂಕ ಎಂದು ಪರೀಕ್ಷಕರು ಸಾರಿದರು. ಹಲ್ಲಿನ ಡಾಕ್ಟರು ಅವಳ ಸೊಂಟಕ್ಕೆ ಬೆಲ್ಟು ಸುತ್ತಲು ಬೆಲ್ಟನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಕಟ್ಟಿದರು. ನಾನು ಬೆವರು ಒರೆಸಿಕೊಂಡು, ಯಾರೂ ಹೊಗಳದೆ ಇದ್ದುದರಿಂದ ನಾನೇ ಗುರುಗಳ ಹತ್ತಿರ ಹೋದೆ.

"ಸಾರ್, ನನ್ನನ್ನೇ ಆರಿಸಿದ್ರಲ್ಲ, ಅದು ನಿಮ್ಮ ದೊಡ್ಡತನ. ನಾನೇನೋ ನನ್ನ ಸಣ್ಣ ತ್ಯಾಗ..."

"ನಾನೆಲ್ಲಿ ಆರಿಸ್ದೆ?" ಎಂದರು ಗುರುಗಳು. "ನಾನು ಆ ಪುಟ್ಟ ಹುಡುಗೀನ ಕೊಡ್ತೀನಿ ಅಂದಿದ್ದೆ. ನಿಮ್ಮ ಮನೆಯವ್ರೇ ಫೋನ್ ಮಾಡಿ ಬೇಡ ಅಂದ್ರು. ಕಲಿಯೋರು ಎಷ್ಟು ಕಷ್ಟವೋ ಅಷ್ಟು ಮಾರ್ಕ್ಸು. ಇಡೀ ಶಾಲೇಲಿ ಕಲಿಸೋಕೆ ಅತೀ ಕಷ್ಟವಾದೋರು ಯಾರೋ ಅವ್ರನ್ನ ಕೊಡಿ ಅಂದ್ರು." ಅವರು ನನ್ನ ಬೆಲ್ಟು ನೋಡಿ, "ಹುಡುಕೋ ಕಷ್ಟ ಆಗ್ಲಿಲ್ಲ" ಎಂದರು.

ಅಂದರೆ ನಾನು ತ್ಯಾಗಮೂರ್ತಿಯಲ್ಲ, ಪ್ರಶ್ನೆಪತ್ರಿಕೆ. ಅದರಲ್ಲೂ ಎಲ್ಲರೂ ಬಿಟ್ಟುಬಿಡುವ ಕಡೆಯ ಪ್ರಶ್ನೆ.

ಕೊನೆಯಲ್ಲಿ ಸಾಲು ನಿಂತೆವು. ಅವಳು ಎಲ್ಲರಿಗಿಂತ ಮುಂದೆ, ಡಾಕ್ಟರ ಪಕ್ಕದಲ್ಲಿ. ನಾನು ಹಲ್ಲಿಲ್ಲದ ಹುಡುಗಿಯ ಆಚೆ, ಗೋಡೆಗೆ ಒತ್ತಿಕೊಂಡು. ಅಷ್ಟು ದೂರದಿಂದ ಅವಳಿಗೆ ತಲೆಬಾಗಿದೆ. ಎಲ್ಲರೂ ತಲೆಯೆತ್ತಿದ ಮೇಲೂ ನಾನು ಇನ್ನೂ ಬಾಗಿಯೇ ಇದ್ದೆನಂತೆ. ಹುಡುಗಿ ನನ್ನ ತೋಳನ್ನು ಎರಡು ಸಲ ತಟ್ಟಿ, "ಸಾಕು ಅಂಕಲ್" ಎಂದಳು.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಅವಳ ಭುಜ ವಾಸಿಯಾಗಿದೆ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ ನನ್ನ ಕುರ್ಚಿಯ ಹಿಂದೆ ನಿಂತು ಓದುತ್ತಿದ್ದಾಳೆ. ಇಷ್ಟು ಹೊತ್ತು ಒಂದು ಮಾತೂ ಆಡಲಿಲ್ಲ. ನನ್ನ ತಪ್ಪನ್ನೆಲ್ಲ ನಾನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಾಯಿತು. ಇನ್ನು ನನ್ನ ಪರವಾಗಿ ಒಂದೇ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಜವಾಗಿ ನೋಡಿದರೆ, ಆವತ್ತು ಆ ಡಾಕ್ಟರು ಅಷ್ಟೊಂದು ನೀರು ಕುಡಿಯದೆ ಇದ್ದಿದ್ದರೆ

ಮೇಜಿನ ಮೇಲೆ ಎರಡು ಸಲ ಸದ್ದಾಯಿತು. ಬಿಟ್ಟೆ.